ಫ್ರಿಜ್ ಇಲ್ಲದೆ ಇನ್ಸುಲಿನ್ ಕಾಪಾಡುವ ಜೆಲ್ ಬಂದಿದೆಯಂತೆ, ನಿಜಾನಾ?

ಪ್ರಶ್ನೆ: ನಮ್ಮದು ಪಾವಗಡ ಹತ್ತಿರದ ಹಳ್ಳಿ. ಅಮ್ಮ ದಿನಾ ಎರಡು ಸಲ ಇನ್ಸುಲಿನ್ ತಗೋತಾರೆ. ಬೇಸಿಗೆಯಲ್ಲಿ ಕರೆಂಟ್ ಹೋದರೆ ಭಯ ಆಗುತ್ತೆ. ಫ್ರಿಜ್ ಬೇಡದ ಹಾಗೆ ಔಷಧಿ ಕಾಪಾಡುವ ಜೆಲ್ ಬಂದಿದೆ ಅಂತಾರೆ. ನಿಜಾನಾ ಸರ್?

ನಿಜ. ಆದರೆ ಅದಿನ್ನೂ ಪ್ರಯೋಗಾಲಯದಲ್ಲೇ ಇದೆ, ಮೆಡಿಕಲ್ ಸ್ಟೋರಿಗೆ ಬಂದಿಲ್ಲ.

ಇನ್ಸುಲಿನ್ ಒಂದು ಪ್ರೋಟೀನ್. 51 ಅಮೈನೋ ಆಮ್ಲಗಳ ಎರಡು ಎಳೆಗಳು ಒಂದು ಆಕಾರಕ್ಕೆ ಸುತ್ತಿಕೊಂಡಿರುತ್ತವೆ. ಕಾವು ಏರಿದರೆ, ಬಾಟಲಿ ಜಾಸ್ತಿ ಕುಲುಕಿದರೆ ಆ ಸುತ್ತು ಸಡಿಲವಾಗುತ್ತದೆ. ಒಳಗೆ ಅಡಗಿದ್ದ, ನೀರಿಗೆ ಒಗ್ಗದ ಭಾಗ ಹೊರಗೆ ಬಂದು ಪಕ್ಕದ ಅಣುವಿಗೆ ಅಂಟುತ್ತದೆ. ಅದಕ್ಕೆ ಇನ್ನೊಂದು, ಮತ್ತೊಂದು. ಹೀಗೆ ಗಂಟಾದ ಔಷಧಿಯನ್ನು ಆಮೇಲೆ ಫ್ರಿಜ್‌ನಲ್ಲಿಟ್ಟರೂ ಸರಿಹೋಗುವುದಿಲ್ಲ. ಬೆಂದ ಮೊಟ್ಟೆ ಮತ್ತೆ ಹಸಿಯಾಗಲ್ಲ, ಅಲ್ವಾ?

ಜೆಲ್ ತಡೆಯುವುದು ಈ ಅಂಟಿಕೊಳ್ಳೋದನ್ನೇ. ಪಾನಕಕ್ಕೆ ಹಾಕುವ ಕಾಮಕಸ್ತೂರಿ ಬೀಜವನ್ನು ನೀರಲ್ಲಿ ನೆನೆಸಿ ನೋಡಿ. ಕಪ್ಪು ಬೀಜದ ಸುತ್ತ ಲೋಳೆ ಉಬ್ಬುತ್ತದೆ. ಒಂದು ಬೀಜ ಇನ್ನೊಂದನ್ನು ಮುಟ್ಟುವುದೇ ಇಲ್ಲ. ಹೈಡ್ರೋಜೆಲ್ ಕೂಡ ಹೀಗೇ, ಬಹುಪಾಲು ನೀರು, ನಡುವೆ ಸಣ್ಣ ಬಲೆ. ಪ್ರೋಟೀನ್ ಆ ಬಲೆಯಲ್ಲಿ ಅಲುಗಾಡದೆ ಕೂರುತ್ತದೆ.

ಹಿಡಿದಿಟ್ಟರೆ ಸಾಲದು, ಬಿಡಿಸಿಕೊಳ್ಳಲೂ ಬೇಕು. 2022ರಲ್ಲಿ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು ಮಾಡಿದ ಜೆಲ್ 65 ಡಿಗ್ರಿವರೆಗೂ ಎಂಜೈಮ್‌ಗಳನ್ನು (ಇವೂ ಒಂದು ಬಗೆಯ ಪ್ರೋಟೀನ್‌ಗಳೇ) ಕಾಪಾಡಿತು. ಸಕ್ಕರೆ ದ್ರಾವಣ ಹಾಕಿದರೆ ಆ ಜೆಲ್ ಕರಗುತ್ತದೆ. ನನಗೆ ಹೆಚ್ಚು ಇಷ್ಟವಾದದ್ದು 2024ರ ಗ್ಲಾಸ್ಗೋ ಮತ್ತು ಮ್ಯಾಂಚೆಸ್ಟರ್ ಸಂಶೋಧಕರ ಕೆಲಸ. ಸಿರಿಂಜ್ ಒತ್ತಿದರೆ ಜೆಲ್ ಒಳಗೇ ಉಳಿದು, ಬರೀ ಪ್ರೋಟೀನ್ ಹೊರಗೆ ಬರುತ್ತದೆ. ಅವರು ಇನ್ಸುಲಿನ್ನನ್ನೂ ಪರೀಕ್ಷಿಸಿದ್ದಾರೆ. ಆದರೆ 50 ಡಿಗ್ರಿಯಲ್ಲಿ 7 ದಿನ ಉಳಿದದ್ದು ಒಂದು ಎಂಜೈಮ್, ಇನ್ಸುಲಿನ್ ಅಲ್ಲ. ಆ ಅಂಕಿ ನೋಡಿ ಅಮ್ಮನ ಬಾಟಲಿಯನ್ನು ಹೊರಗಿಡಬೇಡಿ.

ಕರೆಂಟ್ ಹೋದ ಕೂಡಲೇ ಇನ್ಸುಲಿನ್ ಕೆಡುವುದಿಲ್ಲ. ಫ್ರಿಜ್ ಬಾಗಿಲು ಸುಮ್ನೆ ತೆಗೆಯಬೇಡಿ, ತಂಪು ಕೆಲವು ಗಂಟೆ ಉಳಿಯುತ್ತದೆ. ಇನ್ನೂ ಬಳಸಲು ಶುರು ಮಾಡದ ಬಾಟಲಿಗೆ 2ರಿಂದ 8 ಡಿಗ್ರಿ ಬೇಕು. ಬಳಸುತ್ತಿರುವುದು 30 ಡಿಗ್ರಿಯೊಳಗೆ ಸಾಮಾನ್ಯವಾಗಿ 4 ವಾರ ಇರುತ್ತದೆ, ಪೆಟ್ಟಿಗೆಯಲ್ಲಿರುವ ಚೀಟಿ ಓದಿಕೊಳ್ಳಿ. ಏಪ್ರಿಲ್ ಬಿಸಿಲಿಗೆ ಹಳೇ ಉಪಾಯವೇ ಒಳ್ಳೆಯದು. ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ, ಗಾಳಿಯಾಡುವ ನೆರಳಲ್ಲಿಡಿ. ಬಾಟಲಿ ಒಣ ಡಬ್ಬಿಯಲ್ಲಿರಲಿ. ಐಸ್‌ಗೆ ತಾಗಿಸಬೇಡಿ, ಹೆಪ್ಪುಗಟ್ಟಿದ್ದನ್ನು ಬಳಸಲೇಬೇಡಿ.

ಚುಚ್ಚುವ ಮುಂಚೆ ಬಾಟಲಿಯನ್ನು ಬೆಳಕಿಗೆ ಹಿಡಿಯಿರಿ. ತಿಳಿಯಾಗಿರಬೇಕಾದ್ದು ಮಬ್ಬಾಗಿದ್ದರೆ, ಹಾಲಿನಂತೆ ಬೆಳ್ಳಗಿರುವ ಬಗೆಯ ಇನ್ಸುಲಿನ್ ಅಂಗೈಯಲ್ಲಿ ಹೊರಳಿಸಿದ ಮೇಲೂ ಗಾಜಿಗೆ ಬಿಳಿ ಕಣವಾಗಿ ಅಂಟಿಕೊಂಡಿದ್ದರೆ ಅದು ಬೇಡ. ನೋಡೋಕೆ ಸರಿಯಿದ್ದೂ ಶುಗರ್ ಏರುತ್ತಲೇ ಇದ್ದರೆ ಡಾಕ್ಟರಿಗೆ ಹೇಳಿ, ಹೊಸ ಬಾಟಲಿ ತನ್ನಿ.