ವಹಿವಾಟು ಎರಡು ಪಟ್ಟು ಮಾಡಬೇಕು ಎನ್ನುವವರಿಗೆ

ಏಪ್ರಿಲ್ ಬಂತೆಂದರೆ ಬಿಸಿನೆಸ್ ಕೋಚ್ ಆದ ನನ್ನ ಬಳಿಗೆ ಬರುವ ಸಣ್ಣ ಉದ್ಯಮಿಗಳ ಬಾಯಲ್ಲಿ ಒಂದು ಸಂಖ್ಯೆ ಸಿದ್ಧವಾಗಿರುತ್ತದೆ. ಹೋದ ವರ್ಷದ ವಹಿವಾಟು ಎರಡೂವರೆ ಕೋಟಿ, ಈ ವರ್ಷ ಐದು ಮುಟ್ಟಬೇಕು, ಅದಕ್ಕೆ ನೀವು ಜೊತೆಗಿರಬೇಕು ಎನ್ನುತ್ತಾರೆ. ಐದೇ ಏಕೆ, ನಾಲ್ಕಾದರೆ ಸಾಲದೇ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಐದು ಕೋಟಿಯಾದರೆ ಮನೆಗೆ ಎಷ್ಟು ಬರುತ್ತದೆ ಎಂದರೆ ಅದನ್ನು ಆಡಿಟರ್ ಹೇಳಬೇಕು ಎನ್ನುತ್ತಾರೆ. ಪಾರ್ಟಿಗಳಿಂದ, ಅಂದರೆ ಗಿರಾಕಿಗಳಿಂದ, ಬರಬೇಕಾದ ಬಾಕಿ ಎಷ್ಟು, ಅದರಲ್ಲಿ ಮೂರು ತಿಂಗಳು ದಾಟಿದ್ದು ಎಷ್ಟು ಎಂದು ಕೇಳಿದಾಗ ಫೋನ್ ತೆಗೆದು ಕಚೇರಿಯ ಹುಡುಗನಿಗೆ ಕರೆ ಮಾಡುತ್ತಾರೆ. ಅವನಿಗೂ ಗೊತ್ತಿರುವುದಿಲ್ಲ.

ವ್ಯಾಪಾರ ಬಲ್ಲವರು, ಯಂತ್ರದ ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆ ಎಂದು ಹೇಳಬಲ್ಲವರು, ವಹಿವಾಟಿನ ಮುಂದೆ ಮಾತ್ರ ಏಕೆ ಹೀಗೆ ಮರುಳಾಗುತ್ತಾರೆ ಎಂಬುದು ನನ್ನನ್ನು ಕೆರಳಿಸುತ್ತದೆ. ಅವರ ಮೇಲೆ ನನಗೆ ಕೋಪವಿಲ್ಲ. ವೇದಿಕೆಯ ಮೇಲೆ ನಿಂತು 'ದೊಡ್ಡ ಕನಸು ಕಾಣಿ' ಎಂದು ಚಪ್ಪಾಳೆ ಗಿಟ್ಟಿಸಿ, ಆ ಕನಸಿಗೆ ಬೇಕಾದ ಹಣ ಎಲ್ಲಿಂದ ಬರಬೇಕು ಎಂದು ಒಂದು ಮಾತೂ ಹೇಳದೆ ಇಳಿದು ಹೋಗುವವರ ಮೇಲೆ ಇದೆ.

ಪೀಣ್ಯದ ಒಂದು ಸಾಧಾರಣ ಘಟಕವನ್ನು ತೆಗೆದುಕೊಳ್ಳೋಣ. ನಾಲ್ಕೈದು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರಗಳು, ದೊಡ್ಡ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಕೆಲಸ. ತಿಂಗಳಿಗೆ 20 ಲಕ್ಷದ ಬಿಲ್, 18 ಲಕ್ಷದ ಖರ್ಚು, 2 ಲಕ್ಷದ ಲಾಭ ಎಂದಿಟ್ಟುಕೊಳ್ಳಿ. ಬಿಲ್ಲಿನ ಹಣ ಕೈಗೆ ಬರುವುದು 90 ದಿನಕ್ಕೆ. ಮಾಲೀಕರು ಹಟ ಹಿಡಿದು ಬಿಲ್ಲನ್ನು 30 ಲಕ್ಷಕ್ಕೆ ಏರಿಸಿದರು. ಹೆಚ್ಚುವರಿ 10 ಲಕ್ಷಕ್ಕೆ ಐದೂವರೆ ಲಕ್ಷದ ಉಕ್ಕು, ಮೂರು ಲಕ್ಷದ ಕೂಲಿ, ವಿದ್ಯುತ್ತು, ಟೂಲು, ಸಾಗಣೆ. ಹೆಚ್ಚುವರಿ ಲಾಭ ಒಂದೂವರೆ ಲಕ್ಷ. ಕಾಗದದ ಮೇಲೆ ಚೆನ್ನಾಗಿಯೇ ಇದೆ.

ಈಗ ತಾರೀಖು ಹಾಕಿ ನೋಡಿ. ಉಕ್ಕಿನ ಅಂಗಡಿಯವರು ಒಂದು ತಿಂಗಳ ಉದ್ದರಿ ಕೊಡುತ್ತಾರೆ, ಕೂಲಿಯನ್ನು ಆಯಾ ತಿಂಗಳೇ ಕೊಡಬೇಕು. ಮೂರು ತಿಂಗಳು ಮುಗಿಯುವ ಹೊತ್ತಿಗೆ ಎರಡು ತಿಂಗಳ ಉಕ್ಕಿನ 11 ಲಕ್ಷ ಮತ್ತು ಮೂರು ತಿಂಗಳ ಇತರ ಖರ್ಚಿನ 9 ಲಕ್ಷ, ಒಟ್ಟು 20 ಲಕ್ಷ ಜೇಬಿನಿಂದ ಹೋಗಿರುತ್ತದೆ. ಹೆಚ್ಚುವರಿ ವ್ಯಾಪಾರದ ಒಂದು ರೂಪಾಯಿಯೂ ಇನ್ನೂ ಒಳಗೆ ಬಂದಿರುವುದಿಲ್ಲ. ಜಿಎಸ್‌ಟಿ ಈ ಲೆಕ್ಕದಲ್ಲಿ ಸೇರಿಲ್ಲ. ಬಿಲ್ ಹಾಕಿದ ಮೇಲೆ ತೆರಿಗೆಯ ಗಡುವು ಬಂದೇ ಬರುತ್ತದೆ, ಗಿರಾಕಿ ಹಣ ಕೊಟ್ಟನೋ ಇಲ್ಲವೋ ಎಂದು ಅದು ಕಾಯುವುದಿಲ್ಲ. ತಿಂಗಳಿಗೆ ಒಂದೂವರೆ ಲಕ್ಷದ ಹೆಚ್ಚುವರಿ ಲಾಭದಿಂದ ಆ 20 ಲಕ್ಷ ತುಂಬಿಕೊಳ್ಳಲು ಹದಿಮೂರು ತಿಂಗಳಿಗೂ ಹೆಚ್ಚು ಬೇಕು, ಅದೂ ಬಡ್ಡಿ ಲೆಕ್ಕ ಹಾಕದೆ. ಅಷ್ಟರಲ್ಲಿ ಬ್ಯಾಂಕಿನಿಂದ ಬೇಕಾದಾಗ ಸಾಲ ತೆಗೆಯುವ ಸಿಸಿ ಖಾತೆಯ ಮಿತಿ ಮುಗಿದಿರುತ್ತದೆ, ಹೆಂಡತಿಯ ಒಡವೆ ಬ್ಯಾಂಕಿನಲ್ಲಿರುತ್ತದೆ, ಕೈಸಾಲ ಶುರುವಾಗಿರುತ್ತದೆ.

ಇಷ್ಟು ಬಿಡಿಸಿ ಹೇಳಿದ ಮೇಲೂ 'ಆದರೆ ಲಾಭ ಇದೆಯಲ್ಲವೇ ಮೇಡಂ?' ಎಂಬ ಪ್ರಶ್ನೆ ಬರುತ್ತದೆ. ಆದ್ದರಿಂದ ಮತ್ತೊಮ್ಮೆ ಹೇಳುತ್ತೇನೆ. ಲಾಭ ಇದೆ. ಅದು ಗಿರಾಕಿಯ ಖಾತೆಯಲ್ಲಿದೆ. ನೀವು ಕೊಡಬೇಕಾದ ಸಂಬಳ ನಿಮ್ಮ ಖಾತೆಯಿಂದ ಹೋಗಬೇಕು. ವಸೂಲಿಯ ದಿನಗಳನ್ನು ಮುಟ್ಟದೆ ವಹಿವಾಟನ್ನು ಮಾತ್ರ ಏರಿಸಿದರೆ, ವ್ಯಾಪಾರ ಬೆಳೆದಷ್ಟೂ ನೀವು ನಿಮ್ಮ ಗಿರಾಕಿಗೆ ಬಡ್ಡಿಯಿಲ್ಲದ ಸಾಲ ಕೊಡುತ್ತಾ ಹೋಗುತ್ತೀರಿ. ಅದೇ ಘಟಕದ ವಸೂಲಿ 90 ದಿನದಿಂದ 60ಕ್ಕೆ ಇಳಿದರೆ, ಒಂದು ಹೊಸ ಆರ್ಡರೂ ಇಲ್ಲದೆ, ಹತ್ತಿರ ಹತ್ತಿರ ಒಂದು ತಿಂಗಳ ಬಿಲ್ಲಿನಷ್ಟು, ಅಂದರೆ 20 ಲಕ್ಷ, ಕೈಗೆ ಬರುತ್ತದೆ. ಬೆಳೆಯಲು ಬೇಕಾದ ಬಂಡವಾಳ ಅಲ್ಲೇ ಇತ್ತು.

ಹಾಗಾದರೆ ಕೋಚ್ ಮಾಡುವುದೇನು? ಇದು ಆಡಿಟರ್ ಹೇಳಬಹುದಾದ ಲೆಕ್ಕವಲ್ಲವೇ ಎಂದು ಕೇಳಬಹುದು. ಹೇಳಬಹುದು, ಹೇಳಿಯೂ ಇರುತ್ತಾರೆ. ಲೆಕ್ಕ ಗೊತ್ತಾದ ಮೇಲೆ ಸೋಮವಾರ ಬೆಳಿಗ್ಗೆ ಕುರ್ಚಿಯಲ್ಲಿ ಕುಳಿತವನು ಏನು ಮಾಡುತ್ತಾನೆ ಎಂಬುದು ನನ್ನ ಕ್ಷೇತ್ರ. ದೊಡ್ಡ ಗುರಿಯನ್ನು ಅವನ ಕೈಯಲ್ಲಿರುವ ಕೆಲಸವಾಗಿ ಇಳಿಸಬೇಕು, ಮುಂದಿನ ವಾರ ಅದನ್ನು ಮಾಡಿದಿರಾ ಎಂದು ಕೇಳಬೇಕು, ಮಾಡಿಲ್ಲವಾದರೆ ಏಕೆ ಎಂದು ಬಿಡದೆ ಕೇಳಬೇಕು. ಮಾಲೀಕನನ್ನು ಹೀಗೆ ಕೇಳುವವರು ಯಾರೂ ಇರುವುದಿಲ್ಲ. ಕೆಲಸಗಾರರು ಕೇಳುವಂತಿಲ್ಲ, ಮನೆಯವರಿಗೆ ಪೂರ್ತಿ ಹೇಳಿರುವುದಿಲ್ಲ, ಬ್ಯಾಂಕಿನವರು ಕಂತು ತಪ್ಪಿದ ಮೇಲೆ ಕೇಳುತ್ತಾರೆ.

ಒಬ್ಬ ಮಾಲೀಕರ ಉದಾಹರಣೆ ಕೊಡುತ್ತೇನೆ. ಲೇತ್ ಮೇಲೆ ನಿಂತು ಕೆಲಸ ಕಲಿತವರು, ಸ್ವಂತ ಘಟಕ ಕಟ್ಟಿದವರು, ಮೈಕ್ರಾನ್ ಲೆಕ್ಕದಲ್ಲಿ ಮಾತಾಡುವವರು. ಬಾಕಿ ಕೇಳಲು ಒಂದು ಫೋನ್ ಮಾಡಿ ಎಂದರೆ ವಾರಗಟ್ಟಲೆ ಮಾಡಲಿಲ್ಲ. ಪ್ರತಿ ಭೇಟಿಯಲ್ಲೂ ಬೇರೆ ಕಾರಣ: ಯಂತ್ರ ಕೆಟ್ಟಿತ್ತು, ಮದುವೆಗೆ ಹೋಗಿದ್ದೆ, ಗಿರಾಕಿಯ ಮ್ಯಾನೇಜರ್ ರಜೆಯಲ್ಲಿದ್ದರು. ಕೊನೆಗೆ ಒಂದು ದಿನ ನಿಜ ಹೊರಗೆ ಬಂತು. 'ದುಡ್ಡು ಕೇಳಿದರೆ ಆರ್ಡರ್ ಪಕ್ಕದವನಿಗೆ ಹೋಗುತ್ತದೆ ಮೇಡಂ. ಅದಕ್ಕಿಂತ, ಕೇಳುವುದೇ ನಾಚಿಕೆ. ನಮ್ಮ ಅಪ್ಪ ಯಾರ ಮುಂದೆಯೂ ಕೈ ಚಾಚಿದವರಲ್ಲ.' ತನ್ನ ಹಣವನ್ನು ತಾನು ಕೇಳುವುದು ಅವರಿಗೆ ಕೈ ಚಾಚಿದಂತೆ ಕಾಣುತ್ತಿತ್ತು. ಇದನ್ನು ಯಾವ ಬ್ಯಾಲೆನ್ಸ್ ಶೀಟೂ ತೋರಿಸುವುದಿಲ್ಲ. ಇಂಥ ಮನುಷ್ಯರ ಬಗ್ಗೆ ನನಗೆ ಅಪಾರ ಗೌರವವಿದೆ. ಆ ಮರ್ಯಾದೆಯೇ ಅವರನ್ನು ಮುಳುಗಿಸುತ್ತಿರುವಾಗ ಸುಮ್ಮನೆ ಕೂರಲು ಮಾತ್ರ ಆಗುವುದಿಲ್ಲ.

ನಾವು ಕೇಳುವ ರೀತಿಯನ್ನು ಬದಲಾಯಿಸಿದೆವು. ಅವರು ಅಲ್ಲಿಯವರೆಗೆ ಸಂಬಂಧ ಇಟ್ಟುಕೊಂಡಿದ್ದು ಖರೀದಿ ವಿಭಾಗದೊಂದಿಗೆ. ಹಣ ಬಿಡುಗಡೆ ಮಾಡುವುದು ಲೆಕ್ಕಪತ್ರ ವಿಭಾಗ. ಅಲ್ಲಿನ ಗುಮಾಸ್ತರಿಗೆ ಫೋನ್ ಮಾಡಿ, ಹಣ ಕೊಡಿ ಎನ್ನದೆ, ಇಂಥ ನಂಬರಿನ ಬಿಲ್ ಯಾವ ಹಂತದಲ್ಲಿದೆ ಎಂದು ಕೇಳಬೇಕು ಎಂದಾಯಿತು. ಕೇಳಿದಾಗ ಕಂಡದ್ದೇನು? ಅರ್ಧದಷ್ಟು ಬಿಲ್ಲುಗಳು ಕಾಗದಕ್ಕಾಗಿ ನಿಂತಿದ್ದವು. ಒಂದರಲ್ಲಿ ಖರೀದಿ ಆದೇಶದ ಸಂಖ್ಯೆ ತಪ್ಪು, ಇನ್ನೊಂದರಲ್ಲಿ ಮಾಲು ತಲುಪಿದ್ದಕ್ಕೆ ಗೋದಾಮಿನವರು ರಸೀದಿ ದಾಖಲಿಸಿಲ್ಲ, ಮತ್ತೊಂದರಲ್ಲಿ ತಿರಸ್ಕೃತವಾದ ಕೆಲವು ತುಂಡುಗಳ ಲೆಕ್ಕ ಹೊಂದಿಲ್ಲ. ಯಾರೂ ದುಡ್ಡು ಹಿಡಿದಿಟ್ಟಿರಲಿಲ್ಲ, ಯಾರೂ ಕೇಳಿರಲಿಲ್ಲ ಅಷ್ಟೆ. ಆರ್ಡರ್ ಒಂದೂ ಹೋಗಲಿಲ್ಲ. ಎಲ್ಲರಿಗೂ ಹೀಗೆಯೇ ಆಗುತ್ತದೆ ಎಂದು ನಾನು ಹೇಳುವುದಿಲ್ಲ. ನಿಜವಾಗಿಯೂ ಸತಾಯಿಸುವ ಗಿರಾಕಿಗಳಿದ್ದಾರೆ.

ಅಂಥವರಿಗಾಗಿ ಕಾನೂನಿದೆ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಒಪ್ಪಂದವಿದ್ದರೆ ಗರಿಷ್ಠ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಪಾವತಿಯಾಗಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇಂಥ ದೂರುಗಳಿಗಾಗಿ 2017ರಲ್ಲಿ ಸರ್ಕಾರ ಸಮಾಧಾನ್ ಎಂಬ ಪೋರ್ಟಲ್ ತೆರೆಯಿತು. 2023ರ ಹಣಕಾಸು ಕಾಯ್ದೆ ಇನ್ನೊಂದು ಹಿಡಿತ ಕೊಟ್ಟಿತು: ಈ ಗಡುವಿನೊಳಗೆ ಸಣ್ಣವರಿಗೆ ಹಣ ಕೊಡದ ಖರೀದಿದಾರ ಆ ಮೊತ್ತವನ್ನು ಕೊಡುವವರೆಗೆ ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸುವಂತಿಲ್ಲ. ಹೀಗಾಗಿ ಮಾರ್ಚ್ ಸಮೀಪಿಸಿದಾಗ ದೊಡ್ಡ ಕಂಪನಿಗಳ ಲೆಕ್ಕಪತ್ರ ವಿಭಾಗವೇ ನಿಮ್ಮ ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ) ನೋಂದಣಿ ಸಂಖ್ಯೆ ಕೇಳುವುದುಂಟು. ಬಿಲ್ಲಿನ ಮೇಲೆ ಅದನ್ನು ಮುದ್ರಿಸಿ. ಬಿಲ್ಲಿನ ಮೇಲೆ ಬ್ಯಾಂಕುಗಳು ಮುಂಚಿತವಾಗಿ ಹಣ ಕೊಡುವ ಟ್ರೆಡ್ಸ್ ಎಂಬ ಆನ್‌ಲೈನ್ ವೇದಿಕೆಯ ಮೂಲಕ ಬಿಲ್ಲನ್ನು ಬೇಗ ನಗದಾಗಿಸಿಕೊಳ್ಳುವ ದಾರಿಯೂ ಇದೆ. 250 ಕೋಟಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳು ಅಲ್ಲಿ ನೋಂದಾಯಿಸಿಕೊಳ್ಳುವುದು ಈಗ ಕಡ್ಡಾಯ. ನೋಂದಾಯಿಸಿಕೊಂಡ ಮಾತ್ರಕ್ಕೆ ನಿಮ್ಮ ಬಿಲ್ಲನ್ನು ಅಲ್ಲಿ ಒಪ್ಪಿಕೊಳ್ಳುತ್ತಾರೆ ಎಂದಲ್ಲ, ನೀವು ಕೇಳಬೇಕು. ಒಂದು ಎಚ್ಚರಿಕೆ: ಉದ್ಯಮ್ ನೋಂದಣಿ ಇದ್ದ ಮಾತ್ರಕ್ಕೆ ವಿಳಂಬ ಪಾವತಿಯ ಈ ರಕ್ಷಣೆ ಎಲ್ಲರಿಗೂ ಸಿಗುವುದಿಲ್ಲ. ಬರೀ ಕೊಂಡು ಮಾರುವ ವ್ಯಾಪಾರಿಗಳ ನೋಂದಣಿ ಆದ್ಯತಾ ವಲಯದ ಸಾಲಕ್ಕೆ ಸೀಮಿತ. ನಿಮ್ಮದು ಯಾವ ಗುಂಪು ಎಂಬುದನ್ನು ನಿಮ್ಮ ಲೆಕ್ಕಪರಿಶೋಧಕರೇ ಹೇಳಬೇಕು, ನನ್ನ ಅಂಕಣ ನೋಡಿ ನೋಟಿಸ್ ಕಳುಹಿಸಬೇಡಿ.

ಗುರಿಯನ್ನೇ ಬದಲಾಯಿಸಿಕೊಂಡ ಒಬ್ಬರ ಕಥೆಯನ್ನೂ ಹೇಳಬೇಕು. ಧಾರವಾಡದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಮಾರುವ ಮಹಿಳೆ. ಓಣಿಯ ಹೆಂಗಸರು ಬಂದು ರೊಟ್ಟಿ ಬಡಿಯುತ್ತಾರೆ, ಅವರ ಕೂಲಿ ಶನಿವಾರ ತಪ್ಪುವಂತಿಲ್ಲ. ಬೆಂಗಳೂರಿನ ಸೂಪರ್ ಮಾರ್ಕೆಟ್‌ಗಳಿಗೆ ಮಾಲು ಹಾಕಬೇಕು ಎಂಬುದು ಅವರು ತಂದ ಗುರಿ. ಷರತ್ತುಗಳನ್ನು ಜೊತೆಗೆ ಕೂತು ಓದಿದೆವು: ಎರಡು ತಿಂಗಳ ಉದ್ದರಿ, ಮಾರಾಟವಾಗದ ಮಾಲು ವಾಪಸ್, ದಾರಿಯಲ್ಲಿ ಮುರಿದ ರೊಟ್ಟಿ ಮಾಡಿ ಕಳುಹಿಸಿದವರದೇ ನಷ್ಟ. ಖಡಕ್ ರೊಟ್ಟಿಯನ್ನು ಲಾರಿಯಲ್ಲಿ ಬೆಂಗಳೂರಿಗೆ ಕಳುಹಿಸಿ ನೋಡಿದವರಿಗೆ ಆ ಷರತ್ತಿನ ತೂಕ ಗೊತ್ತು.

ಬೆಂಗಳೂರು ಏಕೆ ಬೇಕು ಎಂದು ಕೇಳುತ್ತಾ ಹೋದೆ. ಹೆಸರಾಗುತ್ತದೆ ಎಂದರು. ಹೆಸರಾದರೆ? ಹೆಚ್ಚು ದುಡ್ಡು. ಹೆಚ್ಚು ದುಡ್ಡು ಯಾವುದಕ್ಕೆ? ಸ್ವಲ್ಪ ಹೊತ್ತು ಮಾತಾಡಲಿಲ್ಲ. 'ಅಕ್ಕಾ, ಮಗಳ ಎಂಜಿನಿಯರಿಂಗ್ ಶುಲ್ಕ ಕಟ್ಟುವಾಗ ಪ್ರತಿ ವರ್ಷ ಬಳೆ ಅಡವಿಡುತ್ತೇನೆ. ಅದು ನಿಲ್ಲಬೇಕು.' ಇದು ಗುರಿ. ಇದಕ್ಕೆ ಮೊತ್ತವಿದೆ, ದಿನಾಂಕವಿದೆ, ಸಾಧಿಸಿದ್ದು ಗೊತ್ತಾಗುತ್ತದೆ. ಆ ಮೊತ್ತವನ್ನು ತಿಂಗಳುಗಳಿಗೆ ಹಂಚಿದೆವು. ವಿದ್ಯಾರ್ಥಿ ನಿಲಯಗಳು, ಖಾನಾವಳಿಗಳು, ಮುಂಗಡ ಕೊಡುವ ಮದುವೆ ಅಡುಗೆ ಗುತ್ತಿಗೆದಾರರು, ಇವರಲ್ಲಿ ವಾರಕ್ಕೆ ಒಬ್ಬ ಹೊಸ ಗಿರಾಕಿಯನ್ನು ಭೇಟಿಯಾಗುವುದು ಕೆಲಸವಾಯಿತು. ಹಣ ಬಂದ ದಿನವೇ ಶುಲ್ಕದ ಪಾಲು ಬೇರೆ ಖಾತೆಗೆ. ಆ ವರ್ಷ ಬಳೆ ಅವರ ಕೈಯಲ್ಲೇ ಉಳಿಯಿತು. ಸೂಪರ್ ಮಾರ್ಕೆಟ್ ಬೇಡವೆಂದು ನಾನು ಹೇಳಲಿಲ್ಲ, ಲೆಕ್ಕ ಮುಂದಿಟ್ಟ ಮೇಲೆ ಅವರೇ ತೀರ್ಮಾನಿಸಿದರು. ಕೋಚ್ ತೀರ್ಮಾನಿಸಿದರೆ ಅದು ಕೋಚಿನ ವ್ಯಾಪಾರವಾಗುತ್ತದೆ.

ವಹಿವಾಟು ಹೆಚ್ಚಿಸಲೇಬಾರದು ಎಂದು ಇದನ್ನು ಓದಬೇಡಿ. ದರ್ಶಿನಿಯಂತೆ ಗಲ್ಲಾಪೆಟ್ಟಿಗೆಗೆ ಪ್ರತಿದಿನ ನಗದು ಬರುವ ವ್ಯಾಪಾರದಲ್ಲಿ, ಅರ್ಧ ಹಣ ಮುಂಗಡ ಪಡೆಯುವ ಒಳಾಂಗಣ ಕೆಲಸದಲ್ಲಿ ಲೆಕ್ಕ ಬೇರೆ. ಅಲ್ಲಿ ಅಡುಗೆಯವರು ಬಿಟ್ಟುಹೋಗುವುದು, ಕೆಲಸ ತಡವಾಗುವುದು ದೊಡ್ಡ ತೊಡಕು. ಅಣ್ಣತಮ್ಮಂದಿರ ಪಾಲುಪಟ್ಟಿಯ ಜಗಳ ನ್ಯಾಯಾಲಯಕ್ಕೆ ಹೋಗಿದ್ದರೆ, ಸಾಲ ಈಗಾಗಲೇ ಎನ್‌ಪಿಎ (ಕಂತು ನಿಂತ ಕೆಟ್ಟ ಸಾಲ) ಆಗಿದ್ದರೆ ಮೊದಲು ವಕೀಲರನ್ನೂ ಬ್ಯಾಂಕನ್ನೂ ಕಾಣಬೇಕು, ಆ ಹೊತ್ತಿನಲ್ಲಿ ನನಗೆ ಶುಲ್ಕ ಕೊಡುವುದು ವ್ಯರ್ಥ. ಕೋಚ್ ಎಂದು ಫಲಕ ಹಾಕಿಕೊಳ್ಳಲು ನಮ್ಮ ದೇಶದಲ್ಲಿ ಸರ್ಕಾರದ ಯಾವ ಪರವಾನಗಿಯೂ ಬೇಕಿಲ್ಲ. ಆದ್ದರಿಂದ ಇಷ್ಟು ತಿಂಗಳಲ್ಲಿ ವ್ಯಾಪಾರ ಎರಡು ಪಟ್ಟು ಮಾಡಿಸುತ್ತೇನೆ ಎಂದು ಖಾತರಿ ಕೊಡುವವರು ಎದುರಾದರೆ, ಆ ಹೆಚ್ಚುವರಿ ವ್ಯಾಪಾರಕ್ಕೆ ಬಂಡವಾಳ ಎಲ್ಲಿಂದ ಎಂದು ಕೇಳಿ ನೋಡಿ.

ಮೊದಲ ಭೇಟಿಗೆ ಬರುವವರು ಐದು ವರ್ಷದ ಯೋಜನೆಯ ಸ್ಲೈಡುಗಳನ್ನು ತರಬೇಕಾಗಿಲ್ಲ. ಪಾರ್ಟಿವಾರು ಬಾಕಿಯ ಪಟ್ಟಿ ತನ್ನಿ, 30, 60, 90 ದಿನ ದಾಟಿದ್ದನ್ನು ಬೇರೆ ಬೇರೆ ಮಾಡಿ. ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲಿದ್ದರೆ ಐದು ನಿಮಿಷದ ಕೆಲಸ, ಪುಸ್ತಕದಲ್ಲಿ ಬರೆಯುವವರಿಗೆ ಒಂದು ಸಂಜೆ. ಕಳೆದ ಮೂರು ತಿಂಗಳ ಬ್ಯಾಂಕ್ ವಿವರ ಜೊತೆಗಿರಲಿ. ಮನೆಖರ್ಚಿಗೆ ತೆಗೆದದ್ದನ್ನು ಅದರಲ್ಲಿ ಗುರುತು ಮಾಡಿಕೊಂಡು ಬನ್ನಿ, ಸಾಧ್ಯವಾದರೆ ಮನೆಯವರನ್ನೂ ಕರೆದುಕೊಂಡು ಬನ್ನಿ.