ಕ್ಯಾಸೆಟ್‌ನಿಂದ ಇಳಿಸಿಕೊಂಡ ಹಾಡುಗಳನ್ನು ಎಂಪಿ3 ಮಾಡಿ ಮೂಲ ಫೈಲ್ ಅಳಿಸಬಹುದಾ?

ಪ್ರಶ್ನೆ: ಅಪ್ಪ ಜೋಪಾನ ಮಾಡಿಟ್ಟಿದ್ದ ಸುಮಾರು 40 ಕ್ಯಾಸೆಟ್‌ಗಳನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡಿದ್ದೇನೆ. ಎಲ್ಲ ವೇವ್ ಫೈಲ್. 256 ಜಿಬಿ ಡ್ರೈವ್ ಪೂರ್ತಿ ತುಂಬಿದೆ. ಎಲ್ಲವನ್ನೂ ಎಂಪಿ3 ಮಾಡಿ ವೇವ್ ಅಳಿಸಿಬಿಡಲಾ?

ಬೇಡ, ಅಳಿಸಬೇಡಿ. ಜಾಗ ತಿನ್ನುತ್ತಿರುವುದು ಬೇರೆಯೇ ಏನೋ ಇರಬಹುದು, ಮೊದಲು ಅದನ್ನು ನೋಡೋಣ.

ಸಿಡಿ ಗುಣಮಟ್ಟದ ವೇವ್ ಅಂದರೆ ಸೆಕೆಂಡಿಗೆ 44,100 ಸಲ ಧ್ವನಿಯನ್ನು ಅಳೆದು, ಎಡಕ್ಕೊಂದು ಬಲಕ್ಕೊಂದು ಅಂತ 16 ಬಿಟ್‌ನಲ್ಲಿ ಬರೆದಿಡುವುದು. ನಿಮಿಷಕ್ಕೆ ಹತ್ತೂವರೆ ಎಂಬಿ, ಗಂಟೆಗೆ 635 ಎಂಬಿ. 40 ಕ್ಯಾಸೆಟ್, ತಲಾ ಒಂದು ಗಂಟೆ ಅಂತಿಟ್ಟುಕೊಂಡರೆ ಸುಮಾರು 25 ಜಿಬಿ, ಅಷ್ಟೇ. ಅಷ್ಟಕ್ಕೇ ಡ್ರೈವ್ ತುಂಬಲ್ಲ ಅಲ್ವಾ?

ಧ್ವನಿ ರೆಕಾರ್ಡ್ ಮಾಡಿ ಕತ್ತರಿಸುವ ಆಡಾಸಿಟಿ ಅನ್ನುವ ಸಾಫ್ಟ್‌ವೇರ್‌ನಲ್ಲಿ ಇಳಿಸಿಕೊಂಡಿದ್ದರೆ ಪ್ರತಿ ಕ್ಯಾಸೆಟ್ಟಿಗೂ ಒಂದೊಂದು ಪ್ರಾಜೆಕ್ಟ್ ಫೈಲ್ (ಅದರದೇ ಕೆಲಸದ ಪ್ರತಿ) ಉಳಿದಿರುತ್ತದೆ. ಅದು ಸಾಮಾನ್ಯವಾಗಿ 32 ಬಿಟ್‌ನದು, ಅಂದರೆ ವೇವ್‌ಗಿಂತ ಎರಡು ಪಟ್ಟು. ಎಲ್ಲ ಸೇರಿ 50 ಜಿಬಿ. ವೇವ್ ಎಕ್ಸ್‌ಪೋರ್ಟ್ ಮಾಡಿದ ಮೇಲೂ ಅದು ಸುಮ್ನೆ ಅಲ್ಲೇ ಬಿದ್ದಿರುತ್ತದೆ. ಕತ್ತರಿಸುವ ಕೆಲಸ ಮುಗಿದಿದ್ದರೆ, ವೇವ್ ಒಂದು ಸಲ ಕೊನೆತನಕ ಕೇಳಿ, ಪ್ರಾಜೆಕ್ಟ್ ತೆಗೆದುಹಾಕಿ. ಆಮೇಲೆ ರಿಸೈಕಲ್ ಬಿನ್ ಖಾಲಿ ಮಾಡಲು ಮರೆಯಬೇಡಿ, ಅಲ್ಲಿಯವರೆಗೆ ಒಂದು ಎಂಬಿಯೂ ಬಿಡುಗಡೆ ಆಗುವುದಿಲ್ಲ. ಬೇರೆ ಏನೇನು ತುಂಬಿದೆ ಅಂತ ತಿಳಿಯಲು ವಿನ್‌ಡರ್‌ಸ್ಟ್ಯಾಟ್ (WinDirStat) ಅನ್ನುವ ಸಾಫ್ಟ್‌ವೇರ್ ಹಾಕಿ ನೋಡಿ. ದೊಡ್ಡ ಫೈಲ್‌ಗಳನ್ನು ದೊಡ್ಡ ಚೌಕಗಳಾಗಿ ತೋರಿಸುತ್ತದೆ. ಫೋನಿನಿಂದ ಹಾಕಿಕೊಂಡ ಮದುವೆ ವಿಡಿಯೊಗಳು ಅಲ್ಲೇ ಕಣ್ಣಿಗೆ ಹೊಡೆಯುತ್ತವೆ.

ಈಗ ಎಂಪಿ3 ವಿಷಯ. ಎಷ್ಟೋ ವರ್ಷದ ಹಿಂದೆ ಅಜ್ಜಿ ಹಾಡಿದ ಹಸೆ ಹಾಡುಗಳನ್ನು 64 ಕೆಬಿಪಿಎಸ್ (ಸೆಕೆಂಡಿಗೆ 64 ಸಾವಿರ ಬಿಟ್) ಎಂಪಿ3 ಮಾಡಿ ವೇವ್ ಅಳಿಸಿದ್ದೆ. ಆಮೇಲೆ ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯಿತು. ಈಗ ಉಳಿದಿರುವುದು ಆ ಎಂಪಿ3 ಮಾತ್ರ. ಅಜ್ಜಿಯ ದನಿ ಇದೆ, ಆದರೆ ತಾಳ ಹಾಕುವಾಗಿನ ಬಳೆ ಸದ್ದು ನೀರೊಳಗಿಂದ ಬಂದ ಹಾಗೆ ಕೇಳುತ್ತದೆ. ಎಂಪಿ3 ನಮ್ಮ ಕಿವಿಗೆ ಗೊತ್ತಾಗಲಿಕ್ಕಿಲ್ಲ ಅನ್ನಿಸಿದ ಭಾಗವನ್ನು ಬಿಟ್ಟೇಬಿಡುತ್ತದೆ, ಬಿಟ್ರೇಟ್, ಅಂದರೆ ಈ ಕೆಬಿಪಿಎಸ್ ಲೆಕ್ಕ, ಕಡಿಮೆ ಆದಷ್ಟೂ ಬಿಡುವುದು ಜಾಸ್ತಿ. ಬಿಟ್ಟದ್ದು ಮತ್ತೆ ವೇವ್ ಮಾಡಿದರೂ 320 ಕೆಬಿಪಿಎಸ್‌ಗೆ ಏರಿಸಿದರೂ ವಾಪಸ್ ಬರುವುದಿಲ್ಲ, ಫೈಲ್ ಮಾತ್ರ ದಪ್ಪ ಆಗುತ್ತದೆ.

ನಿಮಗೆ ಬೇಕಿರುವುದು ಫ್ಲ್ಯಾಕ್ (FLAC) ಅನ್ನುವ ಇನ್ನೊಂದು ಬಗೆಯ ಧ್ವನಿ ಫೈಲ್. ಇದು ಏನನ್ನೂ ಬಿಸಾಕುವುದಿಲ್ಲ, ಒತ್ತಿ ಮಡಚಿಡುತ್ತದೆ. ಬಿಚ್ಚಿದರೆ ಅದೇ ವೇವ್, ಒಂದು ಬಿಟ್ ಕೂಡ ಆಚೀಚೆ ಇಲ್ಲದೆ. ಸಾಮಾನ್ಯವಾಗಿ ಅರ್ಧದಷ್ಟು ಜಾಗ ಸಾಕು. ಕ್ಯಾಸೆಟ್‌ನ ಹಿಸ್ ಸದ್ದಿಗೆ ಗೊತ್ತುಗುರಿ ಇಲ್ಲ, ಅದನ್ನು ಒತ್ತುವುದು ಕಷ್ಟ, ಹಾಗಾಗಿ ನಿಮ್ಮದು ಸ್ವಲ್ಪ ಜಾಸ್ತಿ ಹಿಡಿಯಬಹುದು. ಆದರೂ 25 ಜಿಬಿ ಇದ್ದದ್ದು 15ರ ಆಸುಪಾಸಿಗೆ ಇಳಿಯುತ್ತದೆ. ಆಡಾಸಿಟಿಯಿಂದಲೇ ನೇರವಾಗಿ ಫ್ಲ್ಯಾಕ್ ಮಾಡಬಹುದು, ದುಡ್ಡು ಕೊಡಬೇಕಿಲ್ಲ. ವೇವ್‌ಗಳನ್ನು ಜಿಪ್ ಮಾಡುವ ಯೋಚನೆ ಇದ್ದರೆ ಬಿಟ್ಟುಬಿಡಿ, ಧ್ವನಿಗೆ ಅದು ಅಷ್ಟೇನೂ ಕೆಲಸ ಮಾಡುವುದಿಲ್ಲ.

ಫೋನಿನಲ್ಲಿ ಕೇಳಲು ಬೇಕಾದರೆ ಫ್ಲ್ಯಾಕ್‌ನಿಂದ ಬೇರೆಯಾಗಿ ಎಂಪಿ3 ಪ್ರತಿ ಮಾಡಿಕೊಳ್ಳಿ. 128 ಕೆಬಿಪಿಎಸ್ ಆದರೆ 40 ಗಂಟೆಗೆ ಎರಡೂಕಾಲು ಜಿಬಿ ಸಾಕು. ಅದು ಹೋದರೂ ಮತ್ತೆ ಮಾಡಿಕೊಳ್ಳಬಹುದು.

ಫ್ಲ್ಯಾಕ್ ಎರಡು ಕಡೆ ಇರಲಿ: ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ನಲ್ಲಿ, ಇನ್ನೊಂದು ತಮ್ಮನ ಮನೆಯಲ್ಲೋ ಕ್ಲೌಡ್‌ನಲ್ಲೋ. 1 ಟಿಬಿ ಡಿಸ್ಕ್ ಕೊಂಡು ವಿಂಡೋಸ್‌ನಲ್ಲಿ 931 ಜಿಬಿ ಅಂತ ಕಂಡರೆ ಗಾಬರಿ ಬೇಡ. ಕಂಪನಿ 1000ರ ಲೆಕ್ಕದಲ್ಲಿ ಮಾರುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ ತೋರಿಸುತ್ತದೆ. ಎರಡೂ ಕಡೆ ಫೈಲ್ ತೆರೆದು ಕೇಳಿದ ಮೇಲೆ ವೇವ್ ಧಾರಾಳವಾಗಿ ಅಳಿಸಿ.

ಇನ್ನೊಂದು ಮಾತು. ಕ್ಯಾಸೆಟ್ ಡಬ್ಬಿಯ ಚೀಟಿಯಲ್ಲಿ ಅಪ್ಪ ಕೈಯಾರೆ ಏನಾದರೂ ಬರೆದಿದ್ದರೆ ಅದರ ಫೋಟೊ ತೆಗೆದು ಅದೇ ಫೋಲ್ಡರಿಗೆ ಹಾಕಿಡಿ. ಮೂರ್ನಾಲ್ಕು ಎಂಬಿ ಹಿಡಿಯುತ್ತದೆ.