ಔಷಧ ಮುಗಿದದ್ದು ಮಣ್ಣಿನಲ್ಲಲ್ಲ

ಮೊದಲ ಮಳೆ ಬಿದ್ದಾಗ ಬರುವ ಮಣ್ಣಿನ ವಾಸನೆ ಬಹುಪಾಲು ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾ ಗುಂಪಿನ ಕೊಡುಗೆ. ನಾವು ನುಂಗಿರುವ ಎಷ್ಟೋ ಆ್ಯಂಟಿಬಯಾಟಿಕ್‌ಗಳ ಮೂಲವೂ ಅದೇ.

1943ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ 23 ವರ್ಷದ ವಿದ್ಯಾರ್ಥಿ ಆಲ್ಬರ್ಟ್ ಶಾಟ್ಜ್ ಈ ಗುಂಪಿನಿಂದಲೇ ಸ್ಟ್ರೆಪ್ಟೊಮೈಸಿನ್ ಎಂಬ ಔಷಧ ಕಂಡುಹಿಡಿದರು. ಕ್ಷಯದ ಜೀವಂತ ರೋಗಾಣು ಜೊತೆ ಕೆಲಸವಾದ್ದರಿಂದ ಅವರ ಲ್ಯಾಬ್ ನೆಲಮಾಳಿಗೆಯಲ್ಲಿತ್ತು. ವಿಧಾನ ಸರಳ. ತಟ್ಟೆಯ ತುಂಬ ರೋಗಾಣು ಬೆಳೆಸಬೇಕು, ಜೊತೆಗೆ ಮಣ್ಣಿನ ಬ್ಯಾಕ್ಟೀರಿಯಾ ಇಡಬೇಕು. ಅದರ ಸುತ್ತ ಏನೂ ಬೆಳೆಯದ ಖಾಲಿ ಉಂಗುರ ಕಂಡರೆ, ಅದು ರೋಗಾಣುವನ್ನು ತಡೆಯುವ ಏನನ್ನೋ ಹೊರಬಿಡುತ್ತಿದೆ ಅಂತ ಅರ್ಥ. ಕ್ಷಯಕ್ಕೆ ಕೊನೆಗೂ ಮದ್ದು ಸಿಕ್ಕಿತು. ಆದರೆ 1952ರ ನೊಬೆಲ್ ಬಂದದ್ದು ಅವರ ಗುರು ಸೆಲ್ಮನ್ ವ್ಯಾಕ್ಸ್‌ಮನ್ ಒಬ್ಬರಿಗೇ. ಶಾಟ್ಜ್‌ಗೆ ಆದದ್ದು ಅನ್ಯಾಯ ಅಂತಲೇ ನನಗನ್ನಿಸುತ್ತದೆ.

ಆಮೇಲೆ ಕಂಪನಿಗಳು ಎಲ್ಲೆಲ್ಲಿಂದಲೋ ಮಣ್ಣು ತರಿಸಿದವು. ಫಿಲಿಪ್ಪೀನ್ಸ್‌ನ ಮಣ್ಣು ಎರಿಥ್ರೊಮೈಸಿನ್ ಕೊಟ್ಟಿತು, ಬೋರ್ನಿಯೊದ್ದು ವ್ಯಾಂಕೊಮೈಸಿನ್. ಪುಣೆ ಹತ್ತಿರದ ಪಿಂಪ್ರಿಯ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್‌ನಲ್ಲಿ ಎಂ.ಜೆ. ತಿರುಮಲಾಚಾರ್ ಮತ್ತು ಜೊತೆಗಾರರು ಅಲ್ಲಿನ ಮಣ್ಣಿನಿಂದಲೇ ಫಂಗಸ್ ಕೊಲ್ಲುವ ಹ್ಯಾಮೈಸಿನ್ ತೆಗೆದರು. ತಿರುಮಲಾಚಾರ್ ಅದಕ್ಕೂ ಮೊದಲು ಬೆಂಗಳೂರಿನಲ್ಲಿ ಶಿಲೀಂಧ್ರಗಳ ಮೇಲೆ ಕೆಲಸ ಮಾಡಿದ್ದವರು. ನಮ್ಮ ಮಕ್ಕಳಿಗೆ ಅವರ ಹೆಸರು ಗೊತ್ತಿರಬೇಕಿತ್ತು.

1960ರ ದಶಕ ದಾಟುವಷ್ಟರಲ್ಲಿ ಹುಡುಕಿದಲ್ಲೆಲ್ಲ ಹಳೇ ಔಷಧಗಳೇ ಮತ್ತೆ ಮತ್ತೆ ಸಿಗತೊಡಗಿದವು. ಮಣ್ಣು ಬರಿದಾಯಿತು ಅಂತ ಕಂಪನಿಗಳು ಒಂದೊಂದಾಗಿ ಕೈಬಿಟ್ಟವು. ನಿಜ ಬೇರೆಯೇ ಇತ್ತು. ಮಣ್ಣಿನ ಬ್ಯಾಕ್ಟೀರಿಯಾದಲ್ಲಿ ಶೇ 99ರಷ್ಟು ಲ್ಯಾಬ್ ತಟ್ಟೆಯಲ್ಲಿ ಬೆಳೆಯುವುದೇ ಇಲ್ಲ. ಅಷ್ಟು ವರ್ಷ ಜಾಲಾಡಿದ್ದು ಉಳಿದ ಒಂದು ಪಾಲನ್ನು ಮಾತ್ರ.

ಬಾಸ್ಟನ್‌ನ ನಾರ್ತ್ ಈಸ್ಟರ್ನ್ ವಿಶ್ವವಿದ್ಯಾಲಯದ ಕಿಮ್ ಲೂಯಿಸ್ ಮತ್ತು ಸ್ಲಾವಾ ಎಪ್‌ಸ್ಟೈನ್ ತಂಡ ಇದಕ್ಕೆ ಚಂದದ ಉಪಾಯ ಹೂಡಿತು. ತಟ್ಟೆಯಲ್ಲಿ ಬೆಳೆಯದಿದ್ದರೆ ಮಣ್ಣಿನಲ್ಲೇ ಬೆಳೆಸೋಣ! ಪುಟ್ಟ ಫಲಕದ ತುಂಬ ಸಣ್ಣ ತೂತುಗಳು. ಮಣ್ಣನ್ನು ನೀರಲ್ಲಿ ತೆಳುವಾಗಿಸಿ, ತೂತಿಗೆ ಸುಮಾರು ಒಂದೇ ಬ್ಯಾಕ್ಟೀರಿಯಾ ಬರುವಂತೆ ತುಂಬಿ, ಎರಡೂ ಬದಿಗೆ ಪೊರೆ ಅಂಟಿಸಿ, ಅದೇ ಮಣ್ಣಿನಲ್ಲಿ ಹೂಳುವುದು. ಪೋಷಕಾಂಶ ಒಳಗೆ ಬರುತ್ತದೆ, ಬ್ಯಾಕ್ಟೀರಿಯಾ ಹೊರಗೆ ಹೋಗುವುದಿಲ್ಲ. ಹೀಗೆ ಬೆಳೆದ ಸುಮಾರು 10,000 ಬಗೆಗಳನ್ನು ಪರೀಕ್ಷಿಸಿ, 2015ರಲ್ಲಿ ಟೆಕ್ಸೊಬ್ಯಾಕ್ಟಿನ್ ಎಂಬ ಹೊಸ ಆ್ಯಂಟಿಬಯಾಟಿಕ್ ಸಿಕ್ಕಿದ್ದನ್ನು ಪ್ರಕಟಿಸಿದರು. ರೋಗಾಣು ತನ್ನ ಗೋಡೆ ಕಟ್ಟಲು ಬಳಸುವ ಸಾಮಗ್ರಿಗೇ ಇದು ಅಂಟಿಕೊಳ್ಳುತ್ತದೆ. ಲ್ಯಾಬ್‌ನಲ್ಲಿ ಎಷ್ಟು ಯತ್ನಿಸಿದರೂ ಇದನ್ನು ತಡೆದುಕೊಳ್ಳುವ ರೋಗಾಣು ಹುಟ್ಟಲಿಲ್ಲ. ಆದರೆ ಆಸ್ಪತ್ರೆಗಳನ್ನು ಕಾಡುವ ಕ್ಲೆಬ್‌ಸಿಯೆಲ್ಲಾದಂಥ ಗ್ರಾಂ ನೆಗೆಟಿವ್ ಎಂಬ ಗುಂಪಿನ ರೋಗಾಣುಗಳ ಮೇಲೆ ಇದು ನಡೆಯುವುದಿಲ್ಲ. ಅವುಗಳಿಗೆ ಹೊರಗಡೆ ಇನ್ನೊಂದು ಪೊರೆ ಇರುತ್ತದೆ, ಔಷಧ ಅದನ್ನು ದಾಟಲಾರದು.

ಔಷಧ ನಿರೋಧಕ ಸೋಂಕು 2019ರಲ್ಲಿ ಜಗತ್ತಿನಾದ್ಯಂತ ನೇರವಾಗಿ ಸುಮಾರು 12.7 ಲಕ್ಷ ಜನರನ್ನು ಬಲಿ ತೆಗೆದುಕೊಂಡಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಅಮೆರಿಕದ ಅಕೇಯೊಜೆನ್ ಕಂಪನಿ ದಿವಾಳಿ ಅರ್ಜಿ ಹಾಕಿತು. ಮಣ್ಣಿನ ಬ್ಯಾಕ್ಟೀರಿಯಾ ಮೂಲದ ಅಣುವನ್ನೇ ಮಾರ್ಪಡಿಸಿ ಮಾಡಿದ ಅದರ ಪ್ಲಾಜೋಮೈಸಿನ್ ಎಂಬ ಆ್ಯಂಟಿಬಯಾಟಿಕ್‌ಗೆ ಒಪ್ಪಿಗೆ ಸಿಕ್ಕಿ ಆಗಿನ್ನೂ ಒಂದು ವರ್ಷವೂ ತುಂಬಿರಲಿಲ್ಲ. ಹೊಸ ಆ್ಯಂಟಿಬಯಾಟಿಕ್ ಬಂದರೆ ವೈದ್ಯರು ಅದನ್ನು ಕೊನೆಯ ಅಸ್ತ್ರವಾಗಿ ತೆಗೆದಿಡುತ್ತಾರೆ. ಅದು ಸರಿಯೇ. ಆದರೆ ಮಾರಾಟವಿಲ್ಲದೆ ಕಂಪನಿ ಉಳಿಯುವುದು ಹೇಗೆ? ಬ್ರಿಟನ್ 2022ರಲ್ಲಿ ಇದಕ್ಕೊಂದು ದಾರಿ ಹಿಡಿಯಿತು. ಎರಡು ಆ್ಯಂಟಿಬಯಾಟಿಕ್‌ಗಳಿಗೆ ವರ್ಷಕ್ಕೆ ಇಷ್ಟು ಅಂತ ಗೊತ್ತುಮಾಡಿ ಹಣ ಕೊಡಲು ಶುರುಮಾಡಿತು. ಎಷ್ಟು ಡೋಸ್ ಖರ್ಚಾಯಿತು ಅನ್ನುವುದು ಅಲ್ಲಿ ಲೆಕ್ಕಕ್ಕಿಲ್ಲ.